ಈ ಬದಿ ಮೇಲಕ್ಕೆ

೧

ಈ ಕಥೆಯನ್ನು ಹೆಲ್ಮೆಟ್ಟಿನಿಂದ ಶುರು ಮಾಡಲೋ ತಲೆಯಿಂದ ಶುರು ಮಾಡಲೋ ಎಂದು ಯೋಚಿಸುವುದರಲ್ಲೇ ಬಹಳ ದಿನ ಕಳೆದೆ. ಹೆಲ್ಮೆಟ್ಟಿನಿಂದ ಶುರು ಮಾಡಿದರೆ ಜಾಹೀರಾತು ಅನಿಸುತ್ತದೆ, ತಲೆಯಿಂದ ಶುರು ಮಾಡಿದರೆ ಪ್ರವಚನ. ಜಾಹೀರಾತು ಓದಿದವರು ಪುಟ ತಿರುಗಿಸುತ್ತಾರೆ, ಪ್ರವಚನ ಓದಿದವರು ಪುಸ್ತಕವನ್ನೇ ಮುಚ್ಚುತ್ತಾರೆ. ಆದ್ದರಿಂದ, ಏನೂ ತೋಚದ ಕಥೆಗಾರರೆಲ್ಲ ಮಾಡುವ ಹಾಗೆ, ನಡುವಿನಿಂದ ಶುರು ಮಾಡಿದೆ:

"ಅವಳ ಸೈಕಲ್ಲು ತಿರುವಿನಲ್ಲಿ ಜಾರಿತು. ಆಕಾಶ ಒಮ್ಮೆ ಕೆಳಗೆ ಬಂತು, ರಸ್ತೆ ಒಮ್ಮೆ ಮೇಲೆ ಹೋಯಿತು."

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಚಹಾ ಮಾಡಿಕೊಳ್ಳಲು ಎದ್ದೆ. ಲೋಟ ಹಿಡಿದು ವಾಪಸು ಬಂದರೆ, ಅವಳು ರಸ್ತೆಯಿಂದ ಎದ್ದು, ಮಂಡಿಯ ಧೂಳು ಕೊಡವಿ, ಸೈಕಲ್ಲನ್ನು ನನ್ನ ಮೇಜಿಗೆ ಒರಗಿಸಿ ನಿಂತಿದ್ದಳು.

"ನಾನು ಬೀಳಲ್ಲ," ಅಂದಳು.

ನೀನು ಬೀಳದಿದ್ದರೆ ಕಥೆ ಏಳುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿದೆ. ಮೊದಲ ಪುಟದಲ್ಲಿ ಸೈಕಲ್ಲು ಬಂದರೆ ಕೊನೆಯ ಪುಟದೊಳಗೆ ಯಾರಾದರೂ ಬೀಳಲೇಬೇಕು, ಇದು ಲೋಕಾರೂಢಿ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ತಾನು ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿ ಬರುವವಳೆಂದೂ, ಹಾಗೆ ಹೋಗಿ ಬರುವವರು ಈ ಊರಿನಲ್ಲಿ ಸಾವಿರಾರು ಜನ ಇದ್ದಾರೆಂದೂ, ಅವರೆಲ್ಲ ಸಂಜೆ ನೆಟ್ಟಗೆ ಮನೆಗೆ ಬಂದು ಊಟಕ್ಕೆ ಕೂರುತ್ತಾರೆಂದೂ ಹೇಳಿ, ಅವರ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಊಟಕ್ಕೆ ಕೂತವರಿಂದ ಕಥೆಗಾರನ ಹೊಟ್ಟೆ ತುಂಬುವುದಿಲ್ಲ.

೨

ಸರಿ, ಮೊದಲಿನಿಂದ ಬರೋಣ.

ಅವಳು ಪ್ಯಾಕರ್. ಒಂದು ದೊಡ್ಡ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಉದ್ದನೆಯ ಕೋಣೆಯಲ್ಲಿ ಅವಳ ಮೇಜು. ಒಡೆಯುವ ವಸ್ತುಗಳನ್ನು ಒಡೆಯದ ಹಾಗೆ ಇನ್ನೊಂದು ಕಡೆಗೆ ಕಳಿಸುವುದು ಅವಳ ಕೆಲಸ. ಗಾಜಿನ ದೀಪ, ಮಣ್ಣಿನ ಬೊಂಬೆ, ಸತ್ತು ಎಷ್ಟೋ ಕಾಲವಾದ ಯಾವಳೋ ರಾಣಿಯ ಬಾಚಣಿಗೆ, ಎಲ್ಲವೂ ಅವಳ ಕೈ ದಾಟಿಯೇ ಹೊರಗೆ ಹೋಗಬೇಕು.

ಈ ಕೆಲಸಕ್ಕೆ ಅದರದೇ ಮಡಿ ಮೈಲಿಗೆ ಇದೆ. ಒಂದೇ ಪೆಟ್ಟಿಗೆಯಲ್ಲಿರುವ ಎರಡು ವಸ್ತು ಒಂದನ್ನೊಂದು ತಾಗಬಾರದು. ಪೆಟ್ಟಿಗೆಗೆ ಮೊಳೆ ಹೊಡೆಯಬಾರದು, ಸ್ಕ್ರೂ ತಿರುಗಿಸಬೇಕು, ಯಾಕೆಂದರೆ ಸುತ್ತಿಗೆಯ ಪೆಟ್ಟು ಒಳಗಿರುವುದಕ್ಕೂ ಬೀಳುತ್ತದೆ. ಟೇಪು ಅಂಟಿಸಿದ ಮೇಲೆ ತುದಿಯನ್ನು ಚೂರು ಮಡಚಿಡಬೇಕು. ಮಡಚದಿದ್ದರೆ ಬಿಚ್ಚುವವರ ಉಗುರಿಗೆ ಹಿಡಿತ ಸಿಗುವುದಿಲ್ಲ, ಅವರು ಬ್ಲೇಡು ಹುಡುಕುತ್ತಾರೆ, ಬ್ಲೇಡು ಟೇಪಿನಲ್ಲೇ ನಿಲ್ಲುತ್ತದೆಂಬ ಖಾತರಿ ಇಲ್ಲ. ಪೆಟ್ಟಿಗೆಯ ಹೊರಗೆ ದಪ್ಪ ಮಾರ್ಕರಿನಲ್ಲಿ ಮೂರು ಸಂಗತಿ ಇರಲೇಬೇಕು. ಒಳಗಿರುವುದರ ಚಿತ್ರ. ಮೇಲಿನ ಬದಿ ಯಾವುದೆಂದು ತೋರಿಸುವ ಬಾಣ. ಒಟ್ಟು ಎಷ್ಟು ನಗ, ಅಂದರೆ ಒಳಗೆ ಎಷ್ಟು ವಸ್ತು ಇವೆ ಎಂಬ ಲೆಕ್ಕ.

(ಇದನ್ನೆಲ್ಲ ಓದುಗರು ಮರೆತರೂ ನಡೆಯುತ್ತದೆ ಎಂದು ಬರೆಯುವವನಿದ್ದೆ. ನಡೆಯುವುದಿಲ್ಲ. ನೆನಪಿಟ್ಟುಕೊಳ್ಳಿ.)

ಇವೆಲ್ಲದರ ಮೇಲೆ ಅವಳದೇ ಒಂದು ಸಿದ್ಧಾಂತವಿದೆ. ಲೋಡಿಂಗ್ ಬಾಗಿಲಿನಲ್ಲಿ ನಿಂತು ವರ್ಷಗಟ್ಟಲೆ ನೋಡಿ ಕಂಡುಕೊಂಡದ್ದು. ಮರದ ಪೆಟ್ಟಿಗೆ ಎಷ್ಟು ಗಟ್ಟಿಯಾಗಿ ಕಾಣುತ್ತದೋ, ಹೊರುವವರು ಅದನ್ನು ಅಷ್ಟು ಜೋರಾಗಿ ಕುಕ್ಕುತ್ತಾರೆ. 'ಜೋಪಾನ' ಎಂದು ಕೆಂಪಕ್ಷರದಲ್ಲಿ ಬರೆದರೂ ಅಷ್ಟೇ, ಕುಕ್ಕಿದ ಮೇಲೆ ಓದುತ್ತಾರೆ. ಅದೇ ವಸ್ತುವನ್ನು ಪಾರದರ್ಶಕ ಹಾಳೆಯಲ್ಲಿ ಸುತ್ತಿ, ತೆರೆದ ಟ್ರೇಯಲ್ಲಿ ಬೆಲ್ಟು ಬಿಗಿದು ಕೊಟ್ಟರೆ, ಎಂಥ ಒರಟನೂ ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಾನೆ. ಕಣ್ಣಿಗೆ ಕಂಡದ್ದಕ್ಕೆ ಕೈ ಮೆತ್ತಗಾಗುತ್ತದೆ. ಹಾಗಾಗಿ ಊರೊಳಗಿನ ಸಣ್ಣ ಪ್ರಯಾಣಗಳಿಗೆ ಅವಳು ಪೆಟ್ಟಿಗೆ ಬಳಸುವುದನ್ನೇ ಬಿಟ್ಟಿದ್ದಳು. ಅದುವರೆಗೆ ಏನೂ ಒಡೆದಿರಲಿಲ್ಲ.

ಸೈಕಲ್ ಮೇಲೆ ಅವಳ ತಲೆ ಯಾಕೆ ಬರಿದಾಗಿರುತ್ತಿತ್ತು ಎಂಬುದು ಈಗ ನಿಮಗೆ ತಿಳಿದಿರಬೇಕು. ಅವಳ ಪ್ರಕಾರ ಹಿಂದಿನಿಂದ ಬರುವ ಕಾರಿನವನಿಗೆ ಒಂದು ಜಡೆ, ಒಂದು ಕುತ್ತಿಗೆ, ಗಾಳಿಗೆ ಹಾರುವ ನಾಲ್ಕು ಕೂದಲು ಕಾಣಬೇಕು. ಅದು ಯಾರದೋ ತಲೆ ಎಂದು ಅವನಿಗೆ ಗೊತ್ತಾಗಬೇಕು. ಹೆಲ್ಮೆಟ್ ಹಾಕಿದ ತಲೆ ಅವಳ ಕಣ್ಣಿಗೆ ಮರದ ಪೆಟ್ಟಿಗೆ.

೩

ಅವಳಿಗೊಬ್ಬಳು ಮಗಳು. ಹುಟ್ಟಿದಾಗ ಎಳೆದ ರಾಗಕ್ಕೆ ಅಜ್ಜಿ ಅವಳನ್ನು ಪಿಟೀಲು ಎಂದು ಕರೆದಿದ್ದರು, ಅದೇ ಉಳಿಯಿತು. ಈಗ ರಾಗ ನಿಂತಿದೆ, ಪ್ರಶ್ನೆಗಳು ಶುರುವಾಗಿವೆ. ಅಜ್ಜಿ ಎಂದರೆ ಪ್ಯಾಕರಿನ ಅತ್ತೆ. ಕಣ್ಣು ಮಂಜಾಗುವವರೆಗೆ ಬಟ್ಟೆ ಹೊಲಿದವರು, ಈಗ ಮಾತು ಹೊಲಿಯುತ್ತಾರೆ. (ಗಂಡನೂ ಇದ್ದಾನೆ. ಬೇಕರಿಯಲ್ಲಿ ನಸುಕಿನ ಪಾಳಿ. ಈ ಮನೆಯ ವಾದಗಳೆಲ್ಲ ಅವನು ಕೆಲಸಕ್ಕೆ ಹೋದ ಮೇಲೆ ಏಳುತ್ತವೆ ಇಲ್ಲವೇ ಮಲಗಿದ ಮೇಲೆ ಮುಗಿಯುತ್ತವೆ. ಪುಣ್ಯವಂತ.)

ಪಿಟೀಲಿಗೆ ಹೊಸ ಸೈಕಲ್ಲು ಬಂದಿತ್ತು. ಬರುವ ಸೋಮವಾರದಿಂದ ಅವಳು ಅದರಲ್ಲೇ ಶಾಲೆಗೆ ಹೋಗುವುದು, ಶಾಲೆಯ ಗೇಟಿನವರೆಗೆ ಅಮ್ಮ ಪಕ್ಕದಲ್ಲೇ ತನ್ನ ಸೈಕಲ್ಲಿನಲ್ಲಿ ಬರುವುದು ಎಂದು ಮಾತಾಗಿತ್ತು. ಅಮ್ಮ ಅಂಗಡಿಗೆ ಹೋಗಿ ಮಗಳಿಗೆ ಹಳದಿ ಬಣ್ಣದ ಹೆಲ್ಮೆಟ್ ತಂದಳು. ಅದನ್ನು ತರುವಾಗ ಸಿದ್ಧಾಂತ ಗಿದ್ಧಾಂತ ಯಾವುದೂ ತಲೆಗೆ ಬರಲಿಲ್ಲ, ಸೀದಾ ಹೋಗಿ ತಂದಳು. ಮಗಳು ಅದನ್ನು ತಿರುಗಿಸಿ ನೋಡಿ, "ನಿಂದೆಲ್ಲಿ?" ಅಂದಳು.

ಇಲ್ಲಿ ಬೇರೆ ತಾಯಂದಿರು, ದೊಡ್ಡವರಿಗೆ ಬೇಡ, ಸುಮ್ಮನೆ ಹಾಕ್ಕೋ ಎಂದು ಮುಗಿಸುತ್ತಿದ್ದರು. ಇವಳು ಮಗುವಿಗೆ ಸುಳ್ಳು ಹೇಳಬಾರದೆಂದು ಕೂತು ತನ್ನ ಸಿದ್ಧಾಂತವನ್ನು ವಿವರಿಸಿದಳು. ಮರದ ಪೆಟ್ಟಿಗೆ, ಪಾರದರ್ಶಕ ಹಾಳೆ, ಕೈ ಮೆತ್ತಗಾಗುವುದು, ಎಲ್ಲ. ಪಿಟೀಲು ಊಟ ಮಾಡುತ್ತ ಕೇಳಿದಳು. ಕೈ ತೊಳೆದು ಬಂದು, ಹಳದಿ ಹೆಲ್ಮೆಟ್ಟನ್ನು ಅಮ್ಮನ ಮಡಿಲಲ್ಲಿಟ್ಟು, "ಹಾಗಾದ್ರೆ ನನ್ ತಲೇನೂ ಕಾಣ್ಬೇಕು" ಅಂದಳು.

ತನಗೆಂದು ಇಷ್ಟು ವರ್ಷ ಆರಾಮಾಗಿ ನಂಬಿಕೊಂಡಿದ್ದ ಮಾತು ಮಗಳ ಬಾಯಲ್ಲಿ ಬಂದಾಗ ಪ್ಯಾಕರಿಗೆ ಭಯವಾಯಿತು. ನೀನು ಹಾಕ್ಕೊಳ್ಳಲೇಬೇಕು ಎಂದಳು. ನೀನು ಹಾಕ್ಕೊಂಡ್ರೆ ನಾನು ಹಾಕ್ಕೋತೀನಿ, ನೀನು ಬಿಟ್ರೆ ನಾನೂ ಬಿಡ್ತೀನಿ ಎಂದಳು ಮಗಳು. ಅದರಲ್ಲಿ ಹಟವೇನೂ ಇರಲಿಲ್ಲ, ತರ್ಕ ಇತ್ತು. ಹಟವಾಗಿದ್ದರೆ ಮುರಿಯಬಹುದಿತ್ತು.

ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದವರು ತಲೆಯೆತ್ತದೆ, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಅಂದರು. ಹಾಗಾದರೆ ತಾನು ಹೆಲ್ಮೆಟ್ ಹಾಕಿಕೊಳ್ಳಬೇಕೆಂದು ನೀವು ಹೇಳುತ್ತೀರಾ ಎಂದು ಸೊಸೆ ಕೇಳಿದಳು. ಹಣೆಬರಹಕ್ಕೆ ಹೊಣೆ ಯಾರು, ಹಾಕಿದರೂ ಒಂದೇ ಬಿಟ್ಟರೂ ಒಂದೇ ಎಂದರು ಅತ್ತೆ. ಹಾಗಾದರೆ ಬೇಡವೇ? ತಲೆಗೆ ಬಂದದ್ದು ತಲೆಪಾಗಿಗೆ ಹೋಗಲಿ ಅಂತಲೇ ಹಿಂದಿನವರು ಪಾಗು ಸುತ್ತುತ್ತಿದ್ದರು, ಹಾಕ್ಕೋ ಎಂದರು. ಅತ್ತೆಯ ಬಳಿ ಎರಡು ಕಡೆಗೂ ಗಾದೆಗಳಿದ್ದವು, ಮತ್ತು ಬಟಾಣಿ ಇನ್ನೂ ಅರ್ಧ ಬುಟ್ಟಿ ಇತ್ತು.

೪

(ಈ ಭಾಗ ಇಲ್ಲ. ಯಾಕಿಲ್ಲ ಎಂದು ಏಳರಲ್ಲಿ ತಿಳಿಯುತ್ತದೆ.)

೫

ಪ್ಯಾಕರ್ ನ್ಯಾಯವಂತಳು. ಪರೀಕ್ಷೆ ಮಾಡದೆ ಯಾವುದನ್ನೂ ತಳ್ಳಿಹಾಕುವವಳಲ್ಲ. ಮರುದಿನ ತನಗೂ ಒಂದು ಹೆಲ್ಮೆಟ್ ಕೊಂಡಳು, ಬಿಳಿಯದು, ಏನೂ ಅಲಂಕಾರವಿಲ್ಲದ್ದು. ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋದಳು.

ಕಾರುಗಳು ಹತ್ತಿರಕ್ಕೆ ಬಂದವು. ಬಂದವು ಎಂದು ಅವಳಿಗೆ ಅನಿಸಿತು. ಹಾಲಿನ ವ್ಯಾನು ಮೊಣಕೈ ಸವರಿಕೊಂಡೇ ಹೋಯಿತು. ಮೂಲೆಯ ಹೂವಿನಂಗಡಿಯವನು ದಿನಾ ಕೈ ಎತ್ತುವವನು ಅಂದು ಗುರುತೇ ಹಿಡಿಯಲಿಲ್ಲ. ಸಂಜೆ ಬರುವಾಗ ಇನ್ನೊಂದು ಸಂಗತಿ ಅವಳ ಗಮನಕ್ಕೆ ಬಂತು, ಅದು ಅವಳಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಸಿಗ್ನಲ್ಲಿನ ಹಳದಿ ದೀಪಕ್ಕೆ ದಿನಾ ನಿಲ್ಲುವವಳು ಅಂದು ನುಗ್ಗಿದ್ದಳು. ಪೆಟ್ಟಿಗೆಯೊಳಗೆ ಇದ್ದೇನೆ ಎಂದು ಗೊತ್ತಾದರೆ ಒಳಗಿರುವುದೂ ತನ್ನನ್ನು ತಾನು ಕುಕ್ಕಿಕೊಳ್ಳುತ್ತದೆಯೇ?

ಓದುಗರು ಇಲ್ಲಿ ಕೈ ಎತ್ತುತ್ತಿದ್ದಾರೆ. ಇದೆಲ್ಲ ನಿಜವೇ, ಕಾರಿನವರು ನಿಜವಾಗಿಯೂ ಹಾಗೆ ಮಾಡುತ್ತಾರೆಯೇ ಎಂದು. ನನ್ನನ್ನು ಕೇಳಿ ಪ್ರಯೋಜನವಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಹೌದು ಎನ್ನುವವರೂ ಸಿಕ್ಕಿದರು, ಬುರುಡೆ ಎನ್ನುವವರೂ ಸಿಕ್ಕಿದರು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಬಿದ್ದ ತಲೆಗೆ ಹೆಲ್ಮೆಟ್ಟು ಒಳ್ಳೆಯದು ಎಂಬ ಬಗ್ಗೆ ಯಾರದೂ ತಕರಾರಿರಲಿಲ್ಲ. ಆದರೆ ಹೊರಡುವ ಮುಂಚೆ ಮನೆಯ ಬಾಗಿಲಲ್ಲಿ ನಿಂತಾಗ ತಲೆ ಇನ್ನೂ ಬಿದ್ದಿರುವುದಿಲ್ಲವಲ್ಲ.

ಅವಳು ಬಿಳಿ ಹೆಲ್ಮೆಟ್ಟನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಪಿಟೀಲು ಹಳದಿಯದನ್ನೂ ತಂದು ಅದರ ಪಕ್ಕಕ್ಕೆ ನೇತುಹಾಕಿದಳು.

೬

ಇಲ್ಲಿಗೆ ಕಥೆ ನಿಂತಿತು. ಅತ್ತ ದರಿ, ಇತ್ತ ಪುಲಿ. ಏನಾದರೂ ಆಗಬೇಕಿತ್ತು. ಹಾಗಾಗಿ ನಾನು ವಾರದ ಕೊನೆಗೆ ಒಂದು ಹೂಜಿಯನ್ನು ತಂದೆ.

ಹಸಿರು ಪಿಂಗಾಣಿಯದು, ಬೆರಳಷ್ಟು ಸಣ್ಣ ಕುತ್ತಿಗೆಯದು. ಊರಿನ ಆ ತುದಿಯ ಇನ್ನೊಂದು ಪ್ರದರ್ಶನಕ್ಕೆ ಹೋಗಬೇಕಿತ್ತು. ಪ್ಯಾಕರ್ ಎಂದಿನಂತೆ ಪಾರದರ್ಶಕ ಹಾಳೆ ಸುತ್ತಿ, ಟ್ರೇಯಲ್ಲಿಟ್ಟು, ಬೆಲ್ಟು ಬಿಗಿದು, ವ್ಯಾನಣ್ಣನ ಕೈಗೆ ಕೊಟ್ಟಳು. ವ್ಯಾನಣ್ಣ ಅಲ್ಲಿನ ಹಳೆಯ ಡ್ರೈವರು. ಅವಳಿಗಿಂತ ಮುಂಚಿನಿಂದ ಅಲ್ಲಿದ್ದಾನೆ, ಅವನ ಕೈಯಲ್ಲಿ ಅಂದಿನವರೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಮಧ್ಯಾಹ್ನ ಅವನು ನೆಲಮಾಳಿಗೆಗೆ ವಾಪಸು ಬಂದ. ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹಾಳೆಯೊಳಗೆ ಹೂಜಿ ಮೂರು ತುಂಡಾಗಿತ್ತು. ನಾಯಿಯೊಂದು ಅಡ್ಡ ಬಂತಂತೆ, ಬ್ರೇಕ್ ಹಾಕಿದನಂತೆ. ಬೆಲ್ಟು ಇತ್ತಲ್ಲ ಎಂದಳು ಪ್ಯಾಕರ್. ಅವನು ಟ್ರೇಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಬೆಲ್ಟ್ ಬಿಚ್ಚಿದ್ದೆ ತಂಗಿ," ಅಂದ. "ಅಷ್ಟು ಚೆಂದ ಕಾಣ್ತಿತ್ತು. ಕುತ್ತಿಗೆ ಹಿಸುಕಿ ಕಟ್ಟಿಹಾಕಿದ ಹಾಗಿತ್ತು, ಮನಸ್ಸು ಬರ್ಲಿಲ್ಲ. ಪಕ್ಕದ ಸೀಟಲ್ಲಿ ಇಟ್ಕೊಂಡು ಒಂದು ಕೈಯಲ್ಲಿ ಹಿಡ್ಕೊಂಡಿದ್ದೆ."

ಅವನ ಕಣ್ಣಲ್ಲಿ ನೀರಿತ್ತು. ಅವಳು ಬೈಯಲಿಲ್ಲ. ಬೈಯಲು ಏನೂ ಇರಲಿಲ್ಲ, ಯಾಕೆಂದರೆ ಅವಳ ಸಿದ್ಧಾಂತ ಸೋತಿರಲಿಲ್ಲ, ಗೆದ್ದಿತ್ತು. ಅವನು ಕಂಡ. ಕಂಡದ್ದಕ್ಕೆ ಕೈ ಮೆತ್ತಗಾಯಿತು. ಕೈ ಮೆತ್ತಗಾದದ್ದಕ್ಕೇ ಹೂಜಿ ಒಡೆಯಿತು. ಅವಳು ಅವನಿಗೆ ಸ್ಟೂಲು ಕೊಟ್ಟು ಕೂರಿಸಿ, ತುಂಡುಗಳನ್ನು ಒಂದೊಂದಾಗಿ, ಒಂದಕ್ಕೊಂದು ತಾಗದ ಹಾಗೆ, ಫೋಮಿನ ಮೇಲೆ ಜೋಡಿಸಿದಳು. ಅಂಟಿಸುವವರು ಮೇಲಿನ ಮಹಡಿಯಲ್ಲಿದ್ದರು.

೭

ಅಂದು ಸಂಜೆ ಅವಳು ಮನೆಗೆ ಹೋಗುವ ಮೊದಲು ನನ್ನ ಬಳಿಗೆ ಬಂದಳು.

"ಆ ನಾಯಿ ನಿಮ್ಮದು ತಾನೇ?" ಅಂದಳು.

ಸುಳ್ಳು ಹೇಳಿ ಏನು ಪ್ರಯೋಜನ. ಹೌದು ಎಂದೆ. ನಾಯಿಗೇನೂ ಆಗಲಿಲ್ಲ, ಅದು ಬಾಲ ಅಲ್ಲಾಡಿಸುತ್ತ ಆ ಕಡೆಯ ಫುಟ್‌ಪಾತಿಗೆ ಹೋಯಿತು ಎಂದೂ ಸೇರಿಸಿದೆ. ಅವಳು ನಗಲಿಲ್ಲ. ತನಗೆ ಬುದ್ಧಿ ಬರಲಿ ಎಂದು ವ್ಯಾನಣ್ಣ ಅಳುವಂತೆ ಮಾಡಿದಿರಿ, ಹೂಜಿ ಒಡೆದಿರಿ, ಹೂಜಿಯಿಂದಲೂ ಬುದ್ಧಿ ಬರದಿದ್ದರೆ ಮುಂದೆ ಏನನ್ನು ಒಡೆಯುವ ಅಂದಾಜಿದೆ ಎಂದು ಕೇಳಿದಳು.

ನಾನು ಕೈಯನ್ನು ಮೇಜಿನ ಮೇಲಿನ ಹಾಳೆಗಳ ಮೇಲಿಟ್ಟೆ. ಇಡಬಾರದಿತ್ತು. ಪ್ಯಾಕರಿನ ಕಣ್ಣು ಮುಚ್ಚಿಟ್ಟದ್ದರ ಮೇಲೇ ಹೋಗುತ್ತದೆ. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಾಲ್ಕನೆಯ ಭಾಗವನ್ನು ತೆಗೆದು ಓದಿದಳು. ಅದರಲ್ಲಿ ಸೋಮವಾರ ಇತ್ತು. ಶಾಲೆಯ ಹತ್ತಿರದ ಇಳಿಜಾರಿತ್ತು. ಹಳದಿ ಹೆಲ್ಮೆಟ್ಟು ಮನೆಯ ಮೊಳೆಯಲ್ಲೇ ಇತ್ತು.

ಅವಳು ಪೂರ್ತಿ ಓದಿದಳೋ ಇಲ್ಲವೋ ತಿಳಿಯದು. ಹಾಳೆಯನ್ನು ಹರಿದಳು, ಹರಿದದ್ದನ್ನು ಮತ್ತೆ ಹರಿದಳು, ಚೂರುಗಳನ್ನು ತನ್ನ ಚೀಲಕ್ಕೇ ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ಬರೀ ಕರಡು, ಸುಮ್ಮನೆ ಒಂದು ಸಾಧ್ಯತೆ ಎಂದೆ. ಪಿಟೀಲು ಸಾಧ್ಯತೆ ಅಲ್ಲ ಎಂದಳು.

ಸಮಾಧಾನ ಮಾಡಲು ಬೇರೆ ಮುಕ್ತಾಯಗಳನ್ನು ತೋರಿಸಿದೆ, ಅಂಗಡಿಯವನು ಸೀರೆ ಬಿಡಿಸಿ ಹಾಕಿದ ಹಾಗೆ.

ಒಂದನೆಯದರಲ್ಲಿ ಅವಳು ಹೆಲ್ಮೆಟ್ ಹಾಕುತ್ತಾಳೆ, ಬೀಳುತ್ತಾಳೆ, ಹೆಲ್ಮೆಟ್ ಸೀಳಿಹೋಗುತ್ತದೆ, ತಲೆ ಉಳಿಯುತ್ತದೆ. ಇದನ್ನು ಹೆಲ್ಮೆಟ್ ಮಾರುವವರಿಗೆ ಕೊಡಿ ಎಂದಳು.

ಇನ್ನೊಂದರಲ್ಲಿ ಹಾಕುವುದಿಲ್ಲ, ಏನೂ ಆಗುವುದಿಲ್ಲ, ಮುದುಕಿಯಾಗುವವರೆಗೆ ಗಾಳಿಗೆ ಕೂದಲು ಬಿಟ್ಟುಕೊಂಡು ಓಡಾಡುತ್ತಾಳೆ. ಇದನ್ನು ಓದಿ ಯಾರದಾದರೂ ಮಗು ಹೆಲ್ಮೆಟ್ ಬಿಟ್ಟರೆ ನೀವು ಬಂದು ಹಿಡಿದುಕೊಳ್ಳುತ್ತೀರಾ ಎಂದು ಕೇಳಿದಳು.

ಹಾಕಿಯೂ ಪೆಟ್ಟಾಗುವ ಒಂದಿತ್ತು, ಹಾಕದೆ ಬಿದ್ದರೂ ಉಳಿಯುವ ಒಂದಿತ್ತು. ಮಡಚಿಡಿ ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು. ಕೋಪ ಇಳಿದು ದಣಿದಿದ್ದಳು.

"ನೀವು ಕೊನೆ ನೋಡ್ಕೊಂಡು ಬಂದು ಹೆಲ್ಮೆಟ್ ಹಾಕ್ತೀರಿ," ಅಂದಳು. "ಬಿದ್ದವಳಿಗೆ ಹಾಕ್ಬೇಕಿತ್ತು ಅಂತೀರಿ, ಬೀಳದವಳಿಗೆ ಬೇಕಿರ್ಲಿಲ್ಲ ಅಂತೀರಿ. ನಾನು ಬಾಗಿಲಲ್ಲಿ ನಿಂತು ತೀರ್ಮಾನ ಮಾಡ್ಬೇಕು. ಅಲ್ಲಿಂದ ನಂಗೆ ಮನೆ ಗೇಟಿನವರೆಗೆ ಮಾತ್ರ ಕಾಣ್ಸತ್ತೆ."

ಇದಕ್ಕೆ ನಾನು ಒಂದು ಚುರುಕಾದ ಉತ್ತರ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಅವಳ ಮಾತು ಸರಿಯಾಗಿತ್ತು, ಮತ್ತು ಆ ಬಾಗಿಲಲ್ಲಿ ನಾನು ಯಾವತ್ತೂ ನಿಂತವನಲ್ಲ. ನಾವು ಕಥೆಗಾರರು ಯಾವಾಗಲೂ ರಸ್ತೆಯ ಆ ತುದಿಯಲ್ಲಿ ಕಾಯುತ್ತ ನಿಂತಿರುತ್ತೇವೆ.

೮

ಭಾನುವಾರ ಅವಳು ಎರಡೂ ಸೈಕಲ್ಲುಗಳ ಚೈನಿಗೆ ಎಣ್ಣೆ ಬಿಟ್ಟಳು. ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ಗಾದೆಗಳು ಖಾಲಿಯಾಗಿದ್ದವೋ ಏನೋ, ಸುಮ್ಮನಿದ್ದರು. ಸೊಸೆಗೆ ಆ ಮೌನ ತಡೆಯಲಾಗಲಿಲ್ಲ, ನಿಜವಾಗಿ ಹೇಳಿ ಅತ್ತೆ, ನಾನೇನು ಮಾಡಲಿ ಎಂದು ಕೇಳಿದಳು.

"ನಂಗೆ ಗೊತ್ತಿಲ್ಲ ಕಣೇ," ಅಂದರು ಅತ್ತೆ. "ನೀನು ಬೆಳಿಗ್ಗೆ ಸೈಕಲ್ ಹತ್ತಿ ಹೋದ್ಮೇಲೆ ಬಾಗಿಲು ಹಾಕೋಕೆ ನಂಗೆ ಮನಸ್ಸು ಬರಲ್ಲ. ಸ್ವಲ್ಪ ಹೊತ್ತು ನಿಂತಿರ್ತೀನಿ. ಹೆಲ್ಮೆಟ್ ಹಾಕ್ಕೊಂಡು ಹೋದ ದಿನಾನೂ ನಿಂತಿದ್ದೆ."

ಇಷ್ಟು ವರ್ಷವೂ ನಿಲ್ಲುತ್ತಿದ್ದರೆಂದು ಪ್ಯಾಕರಿಗೆ ಗೊತ್ತಿರಲಿಲ್ಲ. ಅವಳು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ, ಸೈಕಲ್ ಹೊಡೆಯುವವರು ಮುಂದೆ ನೋಡಬೇಕು. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಒಳಗಿನ ಕೋಣೆಯಲ್ಲಿ ಪಿಟೀಲು ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿದ್ದಳು. ಶಾಲೆಯ ಕೆಲಸ ಇರಬೇಕೆಂದು ಯಾರೂ ಕೇಳಲಿಲ್ಲ. (ನಾನೂ ಕೇಳಲಿಲ್ಲ. ಆಣೆಗೂ ಇದು ನನ್ನ ಏರ್ಪಾಡಲ್ಲ.)

೯

ಸೋಮವಾರ.

ಗಂಡ ನಸುಕಿನಲ್ಲೇ ಹೋಗಿದ್ದ. ಚೀಲಗಳು ಕ್ಯಾರಿಯರಿನ ಮೇಲೆ ಕೂತಿದ್ದವು. ಪ್ಯಾಕರ್ ಏನು ತೀರ್ಮಾನಿಸಿದ್ದಳು ಎಂದು ಕೇಳಬೇಡಿ, ಬಾಗಿಲ ಹಿಂದಕ್ಕೆ ಕೈ ಚಾಚಿದಾಗಲೂ ಅವಳಿಗೆ ಗೊತ್ತಿರಲಿಲ್ಲ. ಹಳದಿಯದನ್ನು ಮಗಳಿಗೆ ಕೊಟ್ಟು ಇನ್ನೊಮ್ಮೆ ಗೋಗರೆದು ನೋಡೋಣ ಎಂಬಷ್ಟೇ ಇತ್ತು. ಕೈಗೆ ಬಿಳಿಯದು ಬಂತು.

ಬಿಳಿಯದು ಬಿಳಿಯಾಗಿ ಉಳಿದಿರಲಿಲ್ಲ. ದಪ್ಪ ಕಪ್ಪು ಮಾರ್ಕರಿನಲ್ಲಿ ಅದರ ತುಂಬ ಕೂದಲು ಬರೆದಿತ್ತು, ಎಳೆ ಎಳೆಯಾಗಿ, ನಡುವೆ ಬೈತಲೆ ಬಿಟ್ಟು. ಎರಡು ಪಕ್ಕಕ್ಕೆ ಎರಡು ಕಿವಿ, ಒಂದು ದೊಡ್ಡದು, ಒಂದು ಸಣ್ಣದು. ಹಿಂಭಾಗದಲ್ಲಿ ಕೆಳಗಿನವರೆಗೆ ಒಂದು ಜಡೆ. ಹಾರುವ ನಾಲ್ಕು ಕೂದಲನ್ನೂ ಮರೆತಿರಲಿಲ್ಲ. ಒಂದು ಪಕ್ಕಕ್ಕೆ ಬಾಣದ ಗುರುತು, ಈ ಬದಿ ಮೇಲಕ್ಕೆ. ಜಡೆಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿತ್ತು, ಅಕ್ಷರ ಅಳೆದು ಬರೆದ ಹಾಗಿತ್ತು:

ಒಳಗಿರುವುದು: ಅಮ್ಮ
ಒಟ್ಟು ನಗ: ೧

ಚೀಟಿಗೆ ಹಾಕಿದ ಟೇಪಿನ ತುದಿ ಚೂರೇ ಚೂರು ಮಡಚಿತ್ತು.

ಪ್ಯಾಕರ್ ಆ ಮಡಿಕೆಯ ಮೇಲೆ ಉಗುರಾಡಿಸಿದಳು. ಅದನ್ನು ಅವಳು ಮಗಳಿಗೆ ಯಾವತ್ತೂ ಕಲಿಸಿರಲಿಲ್ಲ. ರಜೆಯ ದಿನ ನೆಲಮಾಳಿಗೆಗೆ ಕರೆದೊಯ್ದಾಗ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಮಗು ನೋಡಿಕೊಂಡದ್ದು. ಅವಳಿಗೆ ಅಳು ಬಂತು, ಅತ್ತಳು, ಇದನ್ನು ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ.

"ಈಗ ಕಾಣ್ಸತ್ತಲ್ಲ," ಅಂದಳು ಪಿಟೀಲು. "ಒಳಗೆ ಯಾರಿದ್ದಾರೆ ಅಂತ."

ಪ್ಯಾಕರ್ ಅದನ್ನು ತಲೆಗಿಟ್ಟುಕೊಂಡಳು. ಪಿಟೀಲು ತುದಿಗಾಲಲ್ಲಿ ನಿಂತು, ಅಮ್ಮನ ಗಲ್ಲಕ್ಕೂ ಪಟ್ಟಿಗೂ ನಡುವೆ ಒಂದು ಬೆರಳು ತೂರಿಸಿ, ಬಿಗಿ ಸರಿಯಾಗಿದೆಯೇ ಎಂದು ನೋಡಿದಳು. ಆಮೇಲೆ ಹಳದಿಯದನ್ನು ತಾನು ಹಾಕಿಕೊಂಡು ಗಲ್ಲವನ್ನು ಮುಂದಕ್ಕೆ ಚಾಚಿ ನಿಂತಳು. ಅಮ್ಮ ಬೆರಳು ತೂರಿಸಿದಳು. ಹಳದಿಯದರ ಮೇಲೆ ಏನೂ ಬರೆದಿರಲಿಲ್ಲ. ನಿನ್ನದರ ಮೇಲೆ ಯಾಕಿಲ್ಲ ಎಂದರೆ, ಅದನ್ನು ಬರೆಯಬೇಕಾದವಳು ನೀನು ಎಂಬಂತೆ ಮಗಳು ನೋಡಿದಳು. ಸಂಜೆ ಬಂದು ಬರೆಯುತ್ತೇನೆ ಎಂದಳು ಪ್ಯಾಕರ್.

ಸೈಕಲ್ ಹತ್ತುವ ಮೊದಲು ಅವಳು ನನ್ನ ಕಡೆ ತಿರುಗಿದಳು.

"ನಾನು ಒಪ್ಕೊಂಡೆ ಅಂತ ಬರೀಬೇಡಿ," ಅಂದಳು. "ಕಾರ್‌ಗಳು ಹತ್ತಿರ ಬರ್ತಾವೆ ಅಂತ ನಂಗೆ ಈಗ್ಲೂ ಅನ್ಸತ್ತೆ. ನಾಳೆ ಏನ್ ಮಾಡ್ತೀನೋ ಗೊತ್ತಿಲ್ಲ. ಇವತ್ತಿಗೆ ಇಷ್ಟು."

ಎರಡು ಸೈಕಲ್ಲುಗಳೂ ಗೇಟು ದಾಟಿದವು. ಅಕ್ಕಪಕ್ಕದಲ್ಲಿ, ದೊಡ್ಡದು ರಸ್ತೆಯ ನಡುವಿನ ಕಡೆಗೆ, ಸಣ್ಣದು ಅಂಚಿನ ಕಡೆಗೆ. ಗೇಟಿನಲ್ಲಿ ಪ್ಯಾಕರ್ ಒಮ್ಮೆ ಹಿಂತಿರುಗಿ ನೋಡಿದಳು. ಅತ್ತೆ ಕೈ ಎತ್ತಿದರು.

೧೦

ಈಗ ಓದುಗರು ನನ್ನನ್ನು ನೋಡುತ್ತಿದ್ದಾರೆ. ತಿರುವಿನ ಆಚೆ ಇಳಿಜಾರಿದೆ, ಇಳಿಜಾರಿನ ಕೊನೆಗೆ ಶಾಲೆ ಇದೆ, ನಡುವೆ ಒಂದು ನಾಯಿಯೂ ಇರಬಹುದು. ನನ್ನ ಕೈಯಲ್ಲಿ ಪೆನ್ನಿದೆ. ಒಂದು ಸಾಲು ಸಾಕು, ಸುಖವಾಗಿ ತಲುಪಿದರು ಎಂದು ಬರೆದರೆ ಎಲ್ಲರೂ ನೆಮ್ಮದಿಯಾಗಿ ಪುಸ್ತಕ ಮುಚ್ಚಬಹುದು. ಆದರೆ ಹಾಗೆ ಬರೆದರೆ ಹೆಲ್ಮೆಟ್ ಹಾಕಿದ್ದು ಸರಿಯಾಯಿತು ಎಂದಾಗುತ್ತದೆ, ಇಲ್ಲವೇ ಬೇಕಿರಲಿಲ್ಲ ಎಂದಾಗುತ್ತದೆ. ಅವಳು ಬಾಗಿಲಲ್ಲಿ ನಿಂತು ಮಾಡಿದ್ದನ್ನು ನಾನು ತಿರುವಿನಿಂದ ತಿದ್ದಿದ ಹಾಗಾಗುತ್ತದೆ. ಜೊತೆಗೆ, ನಿಜ ಹೇಳಬೇಕೆಂದರೆ, ಆ ತಿರುವಿಗೆ ಹೋಗಿ ನಿಲ್ಲಲು ಈಗ ನನಗೂ ಧೈರ್ಯ ಸಾಲದು.

ಹಾಗಾಗಿ ಈಚೆ ಬದಿಗೇ, ಮನೆಯ ಹತ್ತಿರವೇ ಉಳಿದೆ. ಅತ್ತೆ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ನಡೆಯಿರಿ ಅಮ್ಮ, ಕಥೆ ಮುಗಿಸಿಬಿಡುತ್ತೇನೆ ಎಂದೆ.

"ಅವರು ಮನೆಗೆ ಬರ್ಲಿ, ಆಮೇಲೆ ಮುಗಿಸು," ಅಂದರು.

ಸಂಜೆಯಾಗುತ್ತದೆ ಎಂದೆ. ಆಗಲಿ ಎಂದರು. ಒಳಗಿಂದ ಕುರ್ಚಿ ತಂದು ಕೊಟ್ಟೆ. ಅವರು ಕೂರಲಿಲ್ಲ. ನಾನೂ ಕೂತಿಲ್ಲ.